ಹಳೆಯ ಸೇತುವೆಯನ್ನು ಕೆಡಹುವ ಮುನ್ನ

2017ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾದ ಮೊಜಿಲ್ಲಾ ಸಂಸ್ಥೆ ತನ್ನ ಫೈರ್‌ಫಾಕ್ಸ್ ಬ್ರೌಸರಿನ 57ನೆಯ ಆವೃತ್ತಿಯನ್ನು ‘ಕ್ವಾಂಟಮ್’ ಎಂಬ ಹೆಸರಿನಲ್ಲಿ ಲೋಕಾರ್ಪಣೆ ಮಾಡಿತು. ಆರು ತಿಂಗಳ ಹಿಂದಿನ ಫೈರ್‌ಫಾಕ್ಸಿಗಿಂತ ಇದರ ವೇಗ ಎರಡು ಪಟ್ಟು ಎಂಬುದು ಅಂದಿನ ಘೋಷಣೆ. ಅದೇ ಹಂಗಾಮಿನಲ್ಲಿ ಅದೇ ಸಂಸ್ಥೆಯ ಸುಗಮ್ಯತಾ ವಿಭಾಗದವರು, ಅಂದರೆ ಆಕ್ಸೆಸಿಬಿಲಿಟಿ ಎಂಜಿನಿಯರುಗಳು, ಇನ್ನೊಂದು ಮಾತನ್ನೂ ಪ್ರಕಟಿಸಿದ್ದರು. ವಿಂಡೋಸ್‌ನಲ್ಲಿ ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ ಹೊಸ ಆವೃತ್ತಿ ಗಣನೀಯವಾಗಿ ನಿಧಾನವೆನಿಸಬಹುದು. ಅಂಥವರು ಸದ್ಯಕ್ಕೆ ದೀರ್ಘಾವಧಿ ಬೆಂಬಲವಿರುವ 52ನೆಯ ಆವೃತ್ತಿಗೆ ಹೋಗುವುದು ಒಳಿತು. ಒಂದೇ ತಂತ್ರಾಂಶ, ಒಂದೇ ದಿನ. ಕಣ್ಣಿದ್ದವರಿಗೆ ಎರಡು ಪಟ್ಟು ವೇಗ, ಕಣ್ಣಿಲ್ಲದವರಿಗೆ ಹಿಂದಕ್ಕೆ ಹೋಗಿ ಎಂಬ ಸಲಹೆ.

ಇದರಲ್ಲಿ ದುರುದ್ದೇಶವನ್ನು ಹುಡುಕುವುದು ತಪ್ಪಾಗುತ್ತದೆ. ಮೊಜಿಲ್ಲಾ ಏನನ್ನೂ ಮುಚ್ಚಿಡಲಿಲ್ಲ. ಆದರೆ ನಡೆದದ್ದು ಏನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಕ್ತ ತಂತ್ರಾಂಶದ ಲೋಕದಲ್ಲಿ ‘ಮುರಿಯುವ ಅಪ್‌ಗ್ರೇಡ್’ ಎಂದು ಸಲೀಸಾಗಿ ಕರೆಯುವ ಸಂಗತಿಯಲ್ಲಿ ಮುರಿಯುವುದು ಏನು, ಮುರಿದದ್ದರ ಬೆಲೆ ತೆರುವವರು ಯಾರು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಂಧರೊಬ್ಬರು ಜಾಲಪುಟವನ್ನು ಓದುವ ಬಗೆ ಕಣ್ಣಿದ್ದವರ ಬಗೆಗಿಂತ ಮೂಲತಃ ಬೇರೆ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪುಟದ ಪ್ರತಿಯೊಂದು ಶೀರ್ಷಿಕೆ, ಕೊಂಡಿ, ಗುಂಡಿ, ಪಟ್ಟಿಯನ್ನು ಬ್ರೌಸರಿನಿಂದ ಕೇಳಿ ಪಡೆದು ತನ್ನದೇ ಒಂದು ಪ್ರತಿ ಕಟ್ಟಿಕೊಳ್ಳುತ್ತದೆ. ಬಳಸುವವರು ಆ ಪ್ರತಿಯ ಮೇಲೆ ಕೀಲಿಗಳಿಂದ ಓಡಾಡುತ್ತಾರೆ. ಎನ್‌ವಿಡಿಎಯಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಮುಂದಿನ ಕೊಂಡಿ. ಹಳೆಯ ಫೈರ್‌ಫಾಕ್ಸಿನಲ್ಲಿ ಬ್ರೌಸರಿನ ಚೌಕಟ್ಟೂ ಪುಟದ ವಿಷಯವೂ ಕಂಪ್ಯೂಟರಿನ ಒಂದೇ ಪ್ರಕ್ರಿಯೆಯೊಳಗೆ ಇದ್ದವು. ಸ್ಕ್ರೀನ್ ರೀಡರ್ ತನ್ನ ಒಂದು ತುಣುಕನ್ನು ಅದೇ ಪ್ರಕ್ರಿಯೆಯೊಳಗೆ ಕೂರಿಸಿ ಸಾವಿರಾರು ಪ್ರಶ್ನೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೇಳಿ ಮುಗಿಸುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಭದ್ರತೆ ಮತ್ತು ಸ್ಥಿರತೆಯ ಕಾರಣಕ್ಕೆ ಪುಟಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಿಗೆ ಸಾಗಿಸಲಾಯಿತು. ಈಗ ನಡುವೆ ಗೋಡೆ ಎದ್ದಿತು. ಒಂದೊಂದು ಪ್ರಶ್ನೆಗೂ ಗೋಡೆ ದಾಟಿ ಹೋಗಿ ಉತ್ತರ ತರಬೇಕು. ಹತ್ತು ಪ್ರಶ್ನೆಗಳಿಗೆ ಇದು ಲೆಕ್ಕಕ್ಕಿಲ್ಲ. ಉದ್ದದ ಸುದ್ದಿಪುಟವೊಂದಕ್ಕೆ ಹತ್ತು ಸಾವಿರ ಪ್ರಶ್ನೆಗಳಾದಾಗ ಕೀಲಿ ಒತ್ತಿದವರು ಸುಮ್ಮನೆ ಕೂತು ಕಾಯಬೇಕು.

ವಾಸ್ತವವಾಗಿ ಈ ಬಹುಪ್ರಕ್ರಿಯೆಯ ವ್ಯವಸ್ಥೆ 2016ರ ಆಗಸ್ಟಿನಿಂದಲೇ ಹಂತಹಂತವಾಗಿ ಬರತೊಡಗಿತ್ತು. ಆಗ ಸ್ಕ್ರೀನ್ ರೀಡರ್ ಬಳಸುವವರನ್ನು ಬೇಕೆಂದೇ ಹೊರಗಿಟ್ಟು, ಅವರಿಗೆ ಹಳೆಯ ದಾರಿಯನ್ನೇ ಉಳಿಸಿಕೊಟ್ಟಿದ್ದರು. ಅದು ಸರಿಯಾದ ಎಚ್ಚರವಾಗಿತ್ತು. 57ರ ಹೊತ್ತಿಗೆ ಆ ಎಚ್ಚರದ ಅವಧಿ ಮುಗಿಯಿತು, ದುರಸ್ತಿ ಮಾತ್ರ ಮುಗಿದಿರಲಿಲ್ಲ. ನಡುನಡುವೆ ಸುಧಾರಣೆಗಳು ಬಂದವು ನಿಜ. ಆದರೆ ಪುಟದ ಮಾಹಿತಿಯನ್ನೆಲ್ಲ ಗೋಡೆಯ ಈಚೆಗೇ ತಂದು ಸಂಗ್ರಹಿಸಿಡುವ ಮೂಲಭೂತ ಪರಿಹಾರ ಎಲ್ಲರ ಕೈಗೆ ಬಂದದ್ದು 2023ರ ಮೇ ತಿಂಗಳ 113ನೆಯ ಆವೃತ್ತಿಯಲ್ಲಿ. ಐದೂವರೆ ವರ್ಷ. ಈ ನಡುವೆ, 2020ರ ಆಗಸ್ಟಿನಲ್ಲಿ, ಮೊಜಿಲ್ಲಾ ಸುಮಾರು 250 ಮಂದಿಯನ್ನು ಕೆಲಸದಿಂದ ತೆಗೆದಿತ್ತು. ದುರಸ್ತಿಯ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ಜೇಮ್ಸ್ ಟೆಹ್. ಎನ್‌ವಿಡಿಎಯನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು, ಸ್ವತಃ ಅಂಧರು, 2017ರಲ್ಲಿ ಮೊಜಿಲ್ಲಾ ಸೇರಿದವರು. ಎಲ್ಲಿ ನೋಯುತ್ತದೆಂದು ಬಲ್ಲವರ ಕೈಗೇ ಕೆಲಸ ಬಂದಿತ್ತೆಂಬುದು ಗಮನಿಸಬೇಕಾದ ಸಂಗತಿ.

ಅಪ್‌ಗ್ರೇಡನ್ನೇ ಮಾಡಬಾರದಾಗಿತ್ತು ಎಂದು ಯಾರಾದರೂ ವಾದಿಸಿದರೆ ಅದು ನಿಲ್ಲುವ ವಾದವಲ್ಲ. 52ನೆಯ ಆವೃತ್ತಿಯ ಬೆಂಬಲ 2018ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಮೇಲೂ ಅದನ್ನೇ ಬಳಸುವವರು ಬ್ಯಾಂಕಿನ ಗುಪ್ತಪದವನ್ನು ತೂತುಬಿದ್ದ ಚೀಲದಲ್ಲಿ ಹೊತ್ತು ತಿರುಗಿದಂತೆ. ಹಳೆಯದರಲ್ಲೇ ಉಳಿಯುವುದು ಅಂಧರ ಪಾಲಿಗೆ ಸುರಕ್ಷಿತವೂ ಅಲ್ಲ, ಗೌರವದ್ದೂ ಅಲ್ಲ. ಹೀಗಾಗಿ ಮುರಿಯಬೇಕೇ ಬೇಡವೇ ಎಂಬ ಚರ್ಚೆಗಿಂತ ಮುರಿಯುವ ದಿನಾಂಕವನ್ನು ಯಾವ ಅಳತೆಯಿಂದ ಗೊತ್ತುಮಾಡಬೇಕು ಎಂಬ ಚರ್ಚೆಯೇ ಮುಖ್ಯ. ಬಹುಸಂಖ್ಯಾತರಿಗೆ ಹೊಸತು ಸಿದ್ಧವಾದ ದಿನವೇ? ಅಥವಾ ದಾಟಲು ಅತ್ಯಂತ ಕಷ್ಟಪಡುವವರು ದಾಟಿ ಮುಗಿಸಿದ ದಿನವೇ?

ಕೊಲ್ಲಿ ಪ್ರದೇಶದಲ್ಲಿ ಬದುಕುವವರಿಗೆ ಇದಕ್ಕೆ ಉತ್ತರ ಕಣ್ಣೆದುರಿಗೇ ಇದೆ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಬೇ ಬ್ರಿಡ್ಜಿನ ಪೂರ್ವಭಾಗದ ಮೇಲಂತಸ್ತಿನ ಒಂದು ತುಂಡು ಕುಸಿದುಬಿತ್ತು. ಆ ಭಾಗಕ್ಕೆ ಹೊಸ ಸೇತುವೆಯೇ ಬೇಕೆಂದು ಆಮೇಲೆ ತೀರ್ಮಾನವಾಯಿತು. ಹೊಸದು ಸಂಚಾರಕ್ಕೆ ತೆರೆದದ್ದು 2013ರ ಸೆಪ್ಟೆಂಬರಿನಲ್ಲಿ. ಅಲ್ಲಿಯ ತನಕ ದುರಸ್ತಿಗೊಂಡ ಹಳೆಯ ಸೇತುವೆ ಪಕ್ಕದಲ್ಲೇ ನಿಂತು ಓಕ್ಲೆಂಡಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಜನರನ್ನು ದಾಟಿಸುತ್ತಿತ್ತು. ಕೆಡಹುವ ಕೆಲಸ ಶುರುವಾದದ್ದು ವಾಹನಗಳು ಹೊಸದರ ಮೇಲೆ ಓಡತೊಡಗಿದ ನಂತರ. ಎರಡು ಸೇತುವೆಗಳನ್ನು ಏಕಕಾಲಕ್ಕೆ ನಿಲ್ಲಿಸಿಕೊಳ್ಳುವುದು ದುಬಾರಿ ಎಂದು ಗೊಣಗಿದವರಿರಬಹುದು. ಈಜಿಕೊಂಡು ಹೋಗಿ ಎಂದು ಯಾರೂ ಹೇಳಲಿಲ್ಲ.

ತಂತ್ರಾಂಶದಲ್ಲಿ ಇಂಥದ್ದು ಅಸಾಧ್ಯ ಎನ್ನುವಂತೆಯೂ ಇಲ್ಲ. ಹಣ ಪಾವತಿಯ ವ್ಯವಹಾರ ನಡೆಸುವ ಸ್ಟ್ರೈಪ್ ಕಂಪನಿ, 2011ರಲ್ಲಿ ಆರಂಭವಾದಂದಿನಿಂದ ತನ್ನ ಎಪಿಐನ ಪ್ರತಿಯೊಂದು ಆವೃತ್ತಿಯೂ ಇನ್ನೂ ಕೆಲಸ ಮಾಡುವಂತೆ ಕಾಪಾಡಿಕೊಂಡು ಬಂದಿರುವುದಾಗಿ 2017ರಲ್ಲಿ ಹೇಳಿಕೊಂಡಿತು. ಅಂದರೆ ಆರು ವರ್ಷಗಳ ಹಿಂದೆ ಬರೆದ ಅಂಗಡಿಯೊಂದರ ಕೋಡ್ ಒಂದಕ್ಷರ ತಿದ್ದದೆ ನಡೆಯುತ್ತಿತ್ತು. ಸನಿವೇಲ್, ಫ್ರೀಮಾಂಟ್, ಸಾಂತಾ ಕ್ಲಾರಾಗಳಲ್ಲಿ ದುಡಿಯುವ ನೂರಾರು ಕನ್ನಡಿಗ ಎಂಜಿನಿಯರುಗಳಿಗೆ ಈ ವಿದ್ಯೆ ಹೊಸತಲ್ಲ. ಹಣ ಕೊಡುವ ಗ್ರಾಹಕರಿಗೆ ತಿಂಗಳುಗಳ ಮುಂಚಿನ ನೋಟಿಸು, ಸ್ಥಳಾಂತರದ ಕೈಪಿಡಿ, ಎರಡೂ ಆವೃತ್ತಿಗಳ ಸಹಬಾಳ್ವೆ, ಇವೆಲ್ಲ ಅವರ ದಿನನಿತ್ಯದ ಕಸುಬು. ಗ್ರಾಹಕರು ಹಣ ಕೊಡದವರಾದಾಗ, ಅದರಲ್ಲೂ ಸಂಖ್ಯೆಯಲ್ಲಿ ಕಡಿಮೆಯಾದಾಗ, ಅದೇ ಕಸುಬು ಏಕಾಏಕಿ ಅಸಾಧ್ಯವಾಗಿ ಕಾಣತೊಡಗುತ್ತದೆ. ಕೊರತೆ ಇರುವುದು ಜ್ಞಾನದಲ್ಲಿ ಅಲ್ಲವೆಂದ ಮೇಲೆ ಆದ್ಯತೆಯ ಪಟ್ಟಿಯನ್ನು ಬರೆಯುವವರು ಯಾರೆಂದು ಕೇಳಲೇಬೇಕಾಗುತ್ತದೆ.

ಇದೇ ಕಣಿವೆಯಲ್ಲಿ ಇದಕ್ಕಿಂತ ಕಹಿಯಾದ ಇನ್ನೊಂದು ಕತೆ ನಡೆದಿದೆ. ಅಮೆರಿಕದ ಫೆಡರಲ್ ಸರ್ಕಾರ ಕೊಳ್ಳುವ ತಂತ್ರಜ್ಞಾನ ಅಂಗವಿಕಲರಿಗೂ ಬಳಸಲು ಬರಬೇಕು ಎಂಬ ಸೆಕ್ಷನ್ 508ರ ತಿದ್ದುಪಡಿ 1998ರಲ್ಲಿ ಆಯಿತು. ಆ ಮೇಲಿನ ವರ್ಷಗಳಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಕಂಪನಿ ಲಿನಕ್ಸ್ ಮತ್ತು ಸೊಲಾರಿಸ್‌ಗಳ ಗ್ನೋಮ್ ಡೆಸ್ಕ್‌ಟಾಪಿನ ಸುಗಮ್ಯತೆಗೆ ಗಣನೀಯ ಬಂಡವಾಳ ಹೂಡಿತು. ಓರ್ಕಾ ಎಂಬ ಸ್ಕ್ರೀನ್ ರೀಡರ್ ಅಲ್ಲಿಯೇ ಹುಟ್ಟಿತು; ಅದನ್ನು ಆರಂಭಿಸಿದ ಮಾರ್ಕ್ ಮಲ್ಕಾಹಿ ಸ್ವತಃ ಅಂಧರು. ಮುಂದೆ ಗ್ನೋಮ್ ತನ್ನ ಮೂರನೆಯ ಪೀಳಿಗೆಗೆ ಹೊರಳುವಾಗ ಒಳಗಿನ ಸಂಪರ್ಕ ವ್ಯವಸ್ಥೆಯನ್ನೇ ಬದಲಿಸಲು ಹೊರಟಿತು. ಸ್ಕ್ರೀನ್ ರೀಡರ್ ಮತ್ತು ಅನ್ವಯಗಳು ಮಾತಾಡಿಕೊಳ್ಳುತ್ತಿದ್ದ ಕೋರ್ಬಾ ಎಂಬ ಹಳೆಯ ನಾಲೆಯನ್ನು ಮುಚ್ಚಿ ಡಿ-ಬಸ್ ಎಂಬ ಹೊಸ ನಾಲೆ ತೋಡಬೇಕಿತ್ತು. ಸರಿಯಾಗಿ ಆ ನಟ್ಟನಡುವೆ, 2010ರ ಜನವರಿಯಲ್ಲಿ, ಆರಕಲ್ ಕಂಪನಿ ಸನ್ ಅನ್ನು ಕೊಂಡುಕೊಂಡಿತು. ಕೆಲವೇ ದಿನಗಳಲ್ಲಿ ಓರ್ಕಾದ ನೇತೃತ್ವ ವಹಿಸಿದ್ದ ವಿಲ್ಲಿ ವಾಕರ್ ಕೆಲಸ ಕಳೆದುಕೊಂಡರು. ಗ್ನೋಮ್ 3 ನಿಲ್ಲಲಿಲ್ಲ. 2011ರ ಏಪ್ರಿಲಿನಲ್ಲಿ ಹೊರಬಂತು. ಓರ್ಕಾದ ಹೊಣೆ ಬಹುಮಟ್ಟಿಗೆ ಒಬ್ಬರ ಹೆಗಲಿಗೆ ಬಿತ್ತು: ಜೋನ್‌ಮೇರಿ ಡಿಗ್ಸ್, ಮ್ಯಾಸಚೂಸೆಟ್ಸ್‌ನ ಅಂಧರ ಕೇಂದ್ರವೊಂದರಲ್ಲಿ ಕಲಿಸುತ್ತಿದ್ದವರು, ಓರ್ಕಾಕ್ಕೆ ಸ್ವಯಂಸೇವಕಿಯಾಗಿ ಬಂದವರು.

ಪರವಾನಗಿ ಮುಕ್ತವಾಗಿದ್ದುದರಿಂದಲೇ ಓರ್ಕಾ ಸಾಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಲೇಬೇಕು. ಅದು ಸನ್ ಕಂಪನಿಯ ಖಾಸಗಿ ಸ್ವತ್ತಾಗಿದ್ದರೆ ಆರಕಲ್‌ನ ಬೀರುವಿನಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ಮುಕ್ತ ಪರವಾನಗಿ ಕೋಡನ್ನು ಉಳಿಸುತ್ತದೆ, ಅದನ್ನು ನೋಡಿಕೊಳ್ಳುವವರ ಸಂಬಳವನ್ನಲ್ಲ. ಪ್ರಗತಿಪರರು ಮುಕ್ತ ತಂತ್ರಾಂಶವನ್ನು ಹೊಗಳುವಾಗ ಈ ಎರಡನೆಯ ಭಾಗವನ್ನು ನುಂಗಿಬಿಡುವುದುಂಟು. ಸ್ವಯಂಸೇವಕಿಯೊಬ್ಬರಿಗೆ ‘ನೀವು ಏನನ್ನೂ ಮುರಿಯಕೂಡದು, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಸಾಕಬೇಕು’ ಎಂದು ಹೇಳುವುದು ನ್ಯಾಯದ ಬೇಡಿಕೆಯಲ್ಲ, ಬಿಟ್ಟಿ ಚಾಕರಿಯ ಬೇಡಿಕೆ. ಎರಡು ಸೇತುವೆಗಳ ಖರ್ಚನ್ನು ಆ ಕೋಡಿನ ಮೇಲೆ ವ್ಯಾಪಾರ ಕಟ್ಟಿಕೊಂಡವರು ಕೊಡಬೇಕು.

ಇವೆರಡರ ಪಕ್ಕದಲ್ಲಿ ಆಸ್ಟ್ರೇಲಿಯಾದ ಎನ್‌ವಿಡಿಎ ಇನ್ನೊಂದು ಬಗೆಯನ್ನು ತೋರಿಸಿದೆ. 2006ರಲ್ಲಿ ಮೈಕೆಲ್ ಕರ್ರನ್ ಆರಂಭಿಸಿ, ಜೇಮ್ಸ್ ಟೆಹ್ ಜೊತೆಗೂಡಿದ ಈ ಉಚಿತ ಸ್ಕ್ರೀನ್ ರೀಡರ್ ಇಂದು ಭಾರತದ ಅಸಂಖ್ಯ ಅಂಧ ವಿದ್ಯಾರ್ಥಿಗಳ, ಬ್ಯಾಂಕ್ ನೌಕರರ ಊರುಗೋಲು. ಸಾವಿರ ಡಾಲರಿನ ಆಸುಪಾಸಿನ ಖಾಸಗಿ ಸ್ಕ್ರೀನ್ ರೀಡರನ್ನು ಕಲಬುರಗಿಯ ಕಾಲೇಜು ವಿದ್ಯಾರ್ಥಿನಿ ಎಲ್ಲಿಂದ ತಂದಾಳು? ಎನ್‌ವಿಡಿಎ ಬರೆದಿದ್ದದ್ದು ಪೈಥಾನ್ 2ರಲ್ಲಿ. ಆ ಭಾಷೆಯ ಆಯುಷ್ಯ 2020ರ ಜನವರಿ 1ಕ್ಕೆ ಮುಗಿಯುವುದಿತ್ತು. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಎರಡನೆಯದರ ಅಂತ್ಯವನ್ನು ಮೊದಲು 2015ಕ್ಕೆ ಇಟ್ಟುಕೊಂಡು, ಜನ ದಾಟಲಾಗದ್ದನ್ನು ಕಂಡು ಐದು ವರ್ಷ ಮುಂದೂಡಿದ್ದರು. ಎನ್‌ವಿಡಿಎಯ ಹೊರಳುವಿಕೆ 2019.3 ಎಂಬ ಆವೃತ್ತಿಯಲ್ಲಿ ಬಂತು. ಹೆಸರಿನಲ್ಲಿ 2019 ಇದ್ದರೂ ಅದು ಬಿಡುಗಡೆಯಾದದ್ದು 2020ರ ಫೆಬ್ರವರಿಯಲ್ಲಿ! ಈ ತಡವನ್ನು ಯಾರೂ ಗೇಲಿ ಮಾಡಬೇಕಿಲ್ಲ, ಅದು ಒಳ್ಳೆಯ ತಡ.

ಆ ಹೊರಳುವಿಕೆಯಲ್ಲಿ ಹೊರಗಿನವರು ಬರೆದ ಆ್ಯಡ್-ಆನ್‌ಗಳನ್ನೆಲ್ಲ ಹೊಸ ಪೈಥಾನಿಗೆ ಒಗ್ಗಿಸಿ ತಿದ್ದಬೇಕಾಯಿತು. ಆ್ಯಡ್-ಆನ್ ಎಂದರೆ ಅಲಂಕಾರದ ವಸ್ತುವಲ್ಲ. ಧ್ವನಿಯನ್ನೇ ಹುಟ್ಟಿಸುವ ಸಿಂಥಸೈಜರುಗಳಲ್ಲಿ ಕೆಲವು ಆ್ಯಡ್-ಆನ್ ರೂಪದಲ್ಲೇ ಇರುತ್ತವೆ. ಅಪ್‌ಗ್ರೇಡ್ ಆದ ಮರುಕ್ಷಣ ಪರಿಚಿತ ಧ್ವನಿ ಮಾಯವಾಗುವುದೆಂದರೆ ಕಣ್ಣಿದ್ದವರಿಗೆ ಪರದೆಯ ಅಕ್ಷರಗಳೆಲ್ಲ ಬೆಳಗಾಗುವುದರೊಳಗೆ ಅಪರಿಚಿತ ಲಿಪಿಗೆ ತಿರುಗಿದಂತೆ. ಇದನ್ನು ಬಲ್ಲ ತಂಡ ಮುಂಚೆಯೇ ಒಂದು ಏರ್ಪಾಡು ಮಾಡಿತ್ತು. ಪ್ರತಿ ಆ್ಯಡ್-ಆನ್ ತಾನು ಯಾವ ಆವೃತ್ತಿಯವರೆಗೆ ಪರೀಕ್ಷೆಗೊಳಪಟ್ಟಿದೆ ಎಂದು ನಮೂದಿಸಬೇಕು. ಹೊಂದದವು ಯಾವುವೆಂದು ಅಪ್‌ಗ್ರೇಡ್ ಮಾಡುವ ಮುನ್ನವೇ ಬಳಕೆದಾರರಿಗೆ ಎಚ್ಚರಿಕೆ ಸಿಗಬೇಕು. 2021ರಿಂದ ಇನ್ನೂ ಒಂದು ಕಟ್ಟಳೆ ಬಂತು: ಆ್ಯಡ್-ಆನ್‌ಗಳನ್ನು ಮುರಿಯುವ ಬದಲಾವಣೆ ಏನಿದ್ದರೂ ವರ್ಷದ ಮೊದಲ ಆವೃತ್ತಿಯಲ್ಲಿ ಮಾತ್ರ. ಮಿಕ್ಕ ಆವೃತ್ತಿಗಳನ್ನು ಕಣ್ಣುಮುಚ್ಚಿ ಸ್ವೀಕರಿಸಬಹುದು. ವಿಂಡೋಸ್ ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಎನ್‌ವಿಡಿಎ 2017.3, ಹಳೆಯ ಯಂತ್ರದಲ್ಲೇ ದಿನ ದೂಡುವ ಶಾಲೆಗಳಿಗಾಗಿ ಅದನ್ನು ಆ ಮೇಲೂ ಇಳಿಸಿಕೊಳ್ಳಲು ಬಿಟ್ಟಿದ್ದರು. ಬೆರಳೆಣಿಕೆಯ ನೌಕರರ, ದೇಣಿಗೆಯಿಂದ ಬದುಕುವ ಸಂಸ್ಥೆಗೆ ಸಾಧ್ಯವಾದದ್ದು ಇದು. ನಿರ್ಧರಿಸುವವರೇ ಬಳಕೆದಾರರೂ ಆಗಿದ್ದುದು ಇದಕ್ಕೆ ಕಾರಣವಿರಬೇಕು.

ಇಷ್ಟಾದ ಮೇಲೆ ಕನ್ನಡದ ಅಂಗಳಕ್ಕೆ ಬರದಿದ್ದರೆ ಮಾತು ಅರ್ಧವಾಗುತ್ತದೆ. ಅಂಧ ಕನ್ನಡಿಗರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮುರಿಯುವ ಅಪ್‌ಗ್ರೇಡ್ ಯಾವ ಬ್ರೌಸರಿನದೂ ಅಲ್ಲ, ಲಿಪಿಯದು. ನುಡಿ, ಬರಹಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಅಡ್ಡಾದಿಡ್ಡಿ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಚಿತ್ರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಹೀಗಾಗಿ ಸರ್ಕಾರದ ಸುತ್ತೋಲೆಯೇ ಇರಲಿ, ಒಳ್ಳೆಯ ಕತೆಯೇ ಇರಲಿ, ಅಂಧರ ಕಿವಿಗೆ ಬೀಳುತ್ತಿದ್ದುದು ಅರ್ಥವಿಲ್ಲದ ಗದ್ದಲ. ಯುನಿಕೋಡ್ ಇದನ್ನು ಬದಲಿಸಿತು. ಆ ಅರ್ಥದಲ್ಲಿ ಅದು ಮುರಿಯಲೇಬೇಕಾದದ್ದನ್ನು ಮುರಿದ ಅಪ್‌ಗ್ರೇಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೂ ಕನ್ನಡದ ಮುದ್ರಣ ಲೋಕ ಹಳೆಯ ಫಾಂಟುಗಳನ್ನು ಬಹುಕಾಲ ಬಿಡಲಿಲ್ಲ. ಪುಟ ವಿನ್ಯಾಸದ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ಮೂಡಿಸುತ್ತಿರಲಿಲ್ಲ ಎಂಬ ನೆಪದಲ್ಲಿ ಸತ್ಯಾಂಶವೂ ಇತ್ತು. ಇಲ್ಲಿ ಫೈರ್‌ಫಾಕ್ಸಿನ ಕತೆ ತಲೆಕೆಳಗಾಗಿದೆ. ಕಣ್ಣಿದ್ದವರ ಅನುಕೂಲಕ್ಕಾಗಿ ಹಳೆಯ ಸೇತುವೆ ನಿಂತೇ ಇತ್ತು, ಅಂಧರು ಅದರ ಮೇಲೆ ಕಾಲಿಡಲೂ ಆಗುತ್ತಿರಲಿಲ್ಲ. ಹಳೆಯದನ್ನು ಕಾಪಾಡುವುದೇ ಯಾವಾಗಲೂ ದುರ್ಬಲರ ಪರ ಎಂದು ತಿಳಿಯುವಂತಿಲ್ಲ ಎಂಬುದಕ್ಕೆ ಕನ್ನಡವೇ ಸಾಕ್ಷಿ. ಆ ಫಾಂಟುಗಳಲ್ಲಿ ಟೈಪಾದ ಎಷ್ಟೋ ಪುಸ್ತಕಗಳ ಕಡತಗಳು ಪರಿವರ್ತನೆಗಾಗಿ ಇಂದಿಗೂ ಕಾಯುತ್ತಿವೆ.

ಯುನಿಕೋಡ್ ಕೂಡ ಕೊಲ್ಲಿ ಪ್ರದೇಶದ ಕೂಸು. ಪಾಲೊ ಆಲ್ಟೊದ ಜೆರಾಕ್ಸ್, ಕುಪರ್ಟಿನೊದ ಆ್ಯಪಲ್ ಕಂಪನಿಗಳ ಎಂಜಿನಿಯರುಗಳ ನಡುವೆ 1987ರಲ್ಲಿ ಆರಂಭವಾದ ಚರ್ಚೆ 1991ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತ ಒಕ್ಕೂಟವಾಯಿತು. ಅದೂ ಒಮ್ಮೆ ಮುರಿದಿದೆ. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯನ್ ಭಾಷೆಯ ಅಕ್ಷರಗಳನ್ನು ಇದ್ದ ಜಾಗದಿಂದ ಕಿತ್ತು, 11,172 ಅಕ್ಷರಗಳ ಹೊಸ ನೆಲೆಗೆ ಸಾಗಿಸಿದರು. ಹಳೆಯ ಸಂಕೇತದಲ್ಲಿ ಬರೆದಿದ್ದ ಕೊರಿಯನ್ ಪಠ್ಯ ಅರ್ಥ ಕಳೆದುಕೊಂಡಿತು. ಅಲ್ಲಿಂದಾಚೆಗೆ ಒಕ್ಕೂಟ ಲಿಖಿತ ವಾಗ್ದಾನವೊಂದನ್ನು ಪಾಲಿಸುತ್ತಿದೆ: ಒಮ್ಮೆ ಸಂಕೇತ ಪಡೆದ ಅಕ್ಷರವನ್ನು ಸರಿಸುವುದಿಲ್ಲ, ತೆಗೆಯುವುದಿಲ್ಲ. ಅಕ್ಷರದ ಅಧಿಕೃತ ಹೆಸರನ್ನೂ ಬದಲಿಸುವುದಿಲ್ಲ.

ಈ ಹಟದ ಒಂದು ಗುರುತು ಕನ್ನಡದ ಮೈಮೇಲಿದೆ. ಹಳಗನ್ನಡದ ೞ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಶುದ್ಧ ತಪ್ಪು, ಎಫ್ ಧ್ವನಿಗೂ ೞಕಾರಕ್ಕೂ ಯಾವ ನಂಟೂ ಇಲ್ಲ. ತಪ್ಪೆಂದು ಒಕ್ಕೂಟವೇ ಪಟ್ಟಿಯಲ್ಲಿ ಬರೆದುಕೊಂಡಿದೆ, ಸರಿಯಾದ ಹೆಸರನ್ನು ಪರ್ಯಾಯ ನಾಮವಾಗಿ ಪಕ್ಕದಲ್ಲಿ ಕೊಟ್ಟಿದೆ. ಮೂಲ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಕನ್ನಡದ ಅಭಿಮಾನಿಗಳಿಗೆ ಇದು ಕಿರಿಕಿರಿ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಹೆಸರು ತಪ್ಪಾಗಿದ್ದರಿಂದ ಯಾರ ಓದೂ ನಿಲ್ಲುವುದಿಲ್ಲ. ಅಕ್ಷರ ಜಾಗ ಬಿಟ್ಟಿದ್ದರೆ ನಿಲ್ಲುತ್ತಿತ್ತು. ಆ ೞ ಇರುವ ಹಳಗನ್ನಡ ಪಠ್ಯವೊಂದನ್ನು ಯುನಿಕೋಡಿನಲ್ಲಿ ಬರೆದಿಟ್ಟರೆ ಮೂವತ್ತು ವರ್ಷಗಳ ನಂತರವೂ ಅದೇ ಸಂಕೇತ ಅದೇ ಅಕ್ಷರವಾಗಿರುತ್ತದೆ. ಅಪಮಾನ ಪಟ್ಟಿಗೆ, ಅನುಕೂಲ ಓದುಗರಿಗೆ. ಈ ಹಂಚಿಕೆ ಸರಿಯಾಗಿದೆ.

ಭಾರತದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯುತ್ತಿರುತ್ತದೆ. ಅಂಗವಿಕಲರನ್ನು ‘ದಿವ್ಯಾಂಗ’ರೆಂದು ಕರೆಯಬೇಕೆಂಬ ಸಲಹೆ 2015ರ ಕೊನೆಯಲ್ಲಿ ಪ್ರಧಾನಿಯ ಬಾನುಲಿ ಭಾಷಣದಲ್ಲಿ ಬಂದದ್ದೇ ತಡ, ಇಲಾಖೆಗಳ ಫಲಕಗಳು ಬದಲಾದವು. ಹೆಸರಿನ ಅಪ್‌ಗ್ರೇಡಿಗೆ ಖರ್ಚಿಲ್ಲ.

ಖರ್ಚಿರುವ ಅಪ್‌ಗ್ರೇಡ್ ಹೇಗೆ ಬರುತ್ತದೆಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಯುನೈಟೆಡ್ ನೇಷನ್ಸ್ ಪ್ಲಾಜಾದ ಫೆಡರಲ್ ಕಟ್ಟಡವನ್ನು ನೆನೆಯಬಹುದು. ಅಂಗವಿಕಲರ ವಿರುದ್ಧ ತಾರತಮ್ಯವನ್ನು ನಿಷೇಧಿಸುವ ಸೆಕ್ಷನ್ 504 ಕಾನೂನಾದದ್ದು 1973ರಲ್ಲಿ. ಜಾರಿಗೆ ಬೇಕಾದ ನಿಯಮಗಳಿಗೆ ಮಾತ್ರ ನಾಲ್ಕು ವರ್ಷ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಅಂಗವಿಕಲರು ಆ ಕಟ್ಟಡದೊಳಗೆ ಹೋಗಿ ಕೂತರು. ಜೂಡಿತ್ ಹ್ಯೂಮನ್, ಕಿಟ್ಟಿ ಕೋನ್ ಮುಂದಾಳುಗಳು. ದೂರವಾಣಿ ಕಡಿತವಾದಾಗ ಕಿವುಡರು ಕಿಟಕಿಯಲ್ಲಿ ನಿಂತು ಸಂಜ್ಞಾಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ದಾಟಿಸಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಓಕ್ಲೆಂಡಿನಿಂದ ದಿನವೂ ಬಿಸಿಯೂಟ ತಂದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು. ನಿಯಮಗಳನ್ನು ತೆಳುಗೊಳಿಸಿ ಹೊರಡಿಸುವ ಯತ್ನವೂ ಆಗ ನಡೆದಿತ್ತು ಎಂಬುದನ್ನು ಮರೆಯಬಾರದು. ಕೂತವರು ಕೇಳಿದ್ದು ಬರೆದಿಟ್ಟಿದ್ದ ನಿಯಮಗಳಿಗೇ, ಬದಲಿಸದೆ, ಸಹಿ ಹಾಕಿ ಎಂದು.

ಆ ಕಟ್ಟಡದಿಂದ ಕೂಗಳತೆಯ ದೂರದ ಮಾರ್ಕೆಟ್ ಸ್ಟ್ರೀಟಿನಲ್ಲಿ, ಕೊಲ್ಲಿಯುದ್ದಕ್ಕೂ, ಇಂದು ಕನ್ನಡಿಗರು ಕೆಲಸ ಮಾಡುವ ಕಚೇರಿಗಳಿವೆ. ಅವುಗಳಲ್ಲಿ ಬಿಡುಗಡೆಯ ದಿನಾಂಕ ನಿಗದಿಯಾಗುವ ಸಭೆಗಳಿರುತ್ತವೆ. ಸ್ಕ್ರೀನ್ ರೀಡರಿನೊಂದಿಗೆ ಪರೀಕ್ಷೆ ಮುಗಿದಿದೆಯೇ, ಮುಗಿಯದಿದ್ದರೆ ಆ ಬಳಕೆದಾರರಿಗೆ ಹಳೆಯ ದಾರಿ ಎಷ್ಟು ದಿನ ತೆರೆದಿರುತ್ತದೆ, ಆ ದಿನಗಳ ಭದ್ರತಾ ದುರಸ್ತಿಯ ಖರ್ಚು ಯಾವ ಬಜೆಟ್ಟಿನದು ಎಂದು ಆ ಸಭೆಯಲ್ಲಿ ಕೇಳುವುದಕ್ಕೆ ಯಾವ ಹೋರಾಟದ ಹಿನ್ನೆಲೆಯೂ ಬೇಡ. ಕೆಲಸ ಕಳೆದುಕೊಂಡರೆ ವೀಸಾವನ್ನೂ ಕಳೆದುಕೊಳ್ಳುವ ಎಚ್-1ಬಿ ನೌಕರರಿಗೆ ಇದು ಸುಲಭವಲ್ಲ ಎಂಬುದು ನಿಜ. ಪೌರತ್ವ ಪಡೆದು, ಹುದ್ದೆಯಲ್ಲಿ ಮೇಲೇರಿ, ಮೇಜಿನ ತಲೆಯ ಬಳಿ ಕೂತವರಿಗೆ ಆ ಸಬೂಬಿಲ್ಲ. ತಾವು ಬಳಸುವ ಮುಕ್ತ ತಂತ್ರಾಂಶದ ಪಾಲಕರಿಗೆ ಕಂಪನಿಯಿಂದ ವಾರ್ಷಿಕ ಹಣ ಹೋಗುವಂತೆ ಮಾಡುವುದು, ನೌಕರರ ದೇಣಿಗೆಗೆ ಸಮನಾಗಿ ಕಂಪನಿ ಸೇರಿಸುವ ಮೊತ್ತದಲ್ಲಿ ಒಂದಿಷ್ಟನ್ನು ಎನ್‌ವಿಡಿಎಯಂಥವುಗಳತ್ತ ತಿರುಗಿಸುವುದು ಅವರ ಕೈಯಳತೆಯಲ್ಲಿದೆ.

ಕನ್ನಡಕ್ಕೇ ಸೇರಿದ ಕೆಲಸವೂ ಒಂದಿದೆ. ಎನ್‌ವಿಡಿಎಯೊಂದಿಗೆ ಬರುವ ಈಸ್ಪೀಕ್ ಎನ್‌ಜಿ ಎಂಬ ಧ್ವನಿಯಂತ್ರಕ್ಕೆ ಕನ್ನಡ ಗೊತ್ತು. ಜೊನಾಥನ್ ಡಡಿಂಗ್ಟನ್ ಕಟ್ಟಿದ ಈಸ್ಪೀಕ್ 2015ರ ಕೊನೆಯಲ್ಲಿ ಹೊಸ ಕೈಗಳಿಗೆ ಬಂದು ಈ ಹೆಸರು ಪಡೆಯಿತು. ಕನ್ನಡವನ್ನು ಅದು ಹೇಗೆ ಉಚ್ಚರಿಸಬೇಕೆಂಬುದು ಎರಡು ಸಾದಾ ಪಠ್ಯ ಕಡತಗಳಲ್ಲಿದೆ: ಒಂದರಲ್ಲಿ ಅಕ್ಷರದಿಂದ ಧ್ವನಿಗೆ ಹೋಗುವ ನಿಯಮಗಳು, ಇನ್ನೊಂದರಲ್ಲಿ ಸಂಖ್ಯೆಗಳು ಮತ್ತು ನಿಯಮ ಮೀರುವ ಪದಗಳು. ಧ್ವನಿಯಂತ್ರದ ಹೊಸ ಆವೃತ್ತಿ ಬಂದಾಗ ಇಂಗ್ಲಿಷಿನಲ್ಲಿ ಏನಾದರೂ ಕೆಟ್ಟರೆ ಮರುದಿನವೇ ನೂರು ದೂರುಗಳು ಬರುತ್ತವೆ. ಕನ್ನಡದಲ್ಲಿ ಕೆಟ್ಟರೆ ಅದನ್ನು ಮೊದಲು ಕೇಳಿಸಿಕೊಳ್ಳುವವರು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಪರೀಕ್ಷೆಗೆ ಓದುತ್ತಿರುವ ಅಂಧ ವಿದ್ಯಾರ್ಥಿಗಳು. ದೂರು ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ, ಅವರಿಗೆ ಅಭ್ಯಾಸವಿಲ್ಲದ ತಾಣವೊಂದರಲ್ಲಿ. ಆ ಎರಡು ಕಡತಗಳನ್ನು ತೆರೆದು ಓದಲು ಯಾರ ಅಪ್ಪಣೆಯೂ ಬೇಡ. ಎನ್‌ವಿಡಿಎಯ ಪ್ರತಿ ಆವೃತ್ತಿಯೂ ಅಂತಿಮವಾಗುವ ಮುನ್ನ ಬೀಟಾ ಎಂಬ ಪರೀಕ್ಷಾರ್ಥ ರೂಪದಲ್ಲಿ ಕೆಲವು ವಾರ ಎಲ್ಲರಿಗೂ ಸಿಗುತ್ತದೆ. ಮುರಿದದ್ದನ್ನು ಮುರಿಯುವ ಮೊದಲೇ ಹಿಡಿಯಲು ಇರುವ ಕಾಲ ಅದು. ಆ ವಾರಗಳಲ್ಲಿ ಯಾರಾದರೂ ಕೂತು ಕನ್ನಡದ ಒಂದು ಪುಟವನ್ನು ಪೂರ್ತಿ ಕೇಳಿ, ತಪ್ಪಿದ್ದನ್ನು ಬರೆದು ಕಳಿಸಬೇಕು.